ಸೆಸ್ನಾದ ಬಾಲದೊಳಗೆ ಸರ್ವೋ ತಪಾಸಣೆ

ನಮ್ಮ ಸೆಸ್ನಾ 182ಕ್ಕೆ ಒಂದು ಚಾಳಿ ಶುರುವಾಗಿತ್ತು. 7,500 ಅಡಿಗೆ ಏರಿ, ಆಟೋಪೈಲಟ್‌ನಲ್ಲಿ ಎತ್ತರ ಹಿಡಿಯುವ ಬಟನ್ ಒತ್ತಿದರೆ ವಿಮಾನ ಅಲ್ಲೇ ನಿಲ್ಲುತ್ತಿರಲಿಲ್ಲ. ಮೂಗು ನಿಧಾನವಾಗಿ ಮೇಲೆದ್ದು ಐವತ್ತು ಅಡಿ ಹತ್ತುತ್ತಿತ್ತು. ಆಮೇಲೆ ಏನೋ ನೆನಪಾದ ಹಾಗೆ ಬಗ್ಗಿ ಐವತ್ತು ಅಡಿ ಇಳಿಯುತ್ತಿತ್ತು. ಮತ್ತೆ ಮೇಲೆ, ಮತ್ತೆ ಕೆಳಗೆ. ಅಪಾಯ ಅನ್ನುವಂಥದ್ದು ಏನಿರಲಿಲ್ಲ. ಆದರೆ ಹಿಂದೆ ಕೂತವರ ಹೊಟ್ಟೆ ತೊಳೆಸೋಕೆ ಅಷ್ಟು ಸಾಕು. ಬೇಸಿಗೆಯಲ್ಲಿ ಇದು ಅಷ್ಟಾಗಿ ಕಾಣುತ್ತಿರಲಿಲ್ಲ. ಚಳಿಗಾಲದಲ್ಲಿ, ಅದೂ ಎತ್ತರಕ್ಕೆ ಹೋದಷ್ಟೂ ಜಾಸ್ತಿ.

ವಿಮಾನ ನಮ್ಮ ಮೂವರದು. 1979ರ 182ಕ್ಯೂ ಮಾಡೆಲ್. ಕ್ಯಾಲಿಫೋರ್ನಿಯಾದ ಲಿವರ್‌ಮೋರ್ ಏರ್‌ಪೋರ್ಟಿನ ಒಂದು ಹ್ಯಾಂಗರಿನಲ್ಲಿ ಇಟ್ಟಿದ್ದೇವೆ. ಪಾಲುದಾರರಲ್ಲಿ ಒಬ್ಬರು ಹುಬ್ಬಳ್ಳಿಯವರು, ಇನ್ನೊಬ್ಬರು ಇಲ್ಲಿಯವರೇ, ನಿವೃತ್ತ ಮೇಷ್ಟರು. ಆಟೋಪೈಲಟ್ ಪರವಾಗಿ ಕೇಬಲ್ ಎಳೆಯುವ ಮೋಟಾರಿಗೆ ಸರ್ವೋ ಅನ್ನುತ್ತಾರೆ. ಹುಬ್ಬಳ್ಳಿಯವರ ತೀರ್ಪು ಮೊದಲ ದಿನವೇ ಬಂತು: "ಸರ್ವೋ ಕೆಟ್ಟೈತ್ರಿ. ಹೊಸಾದು ಹಾಕ್ಸೂಣು. ಯಾಕ ಸುಮ್ನ ತಲಿ ಕೆಡಿಸ್ಕೋತೀರಿ?" ಮೇಷ್ಟರಿಗೆ ಹೊಸದು ಅನ್ನುವ ಮಾತೇ ಆಗಿಬರುವುದಿಲ್ಲ. ಇಬ್ಬರ ನಡುವೆ ಹ್ಯಾಂಗರಿನ ಕೆಲಸಕ್ಕೆ ಓಡಾಡುವ ಪಾಳಿ ನನ್ನದಾಯಿತು.

ಬೆಂಗಳೂರಿನ ಸ್ನೇಹಿತರಿಗೆ ಆಟೋಪೈಲಟ್ ಅಂದರೆ ವಿಮಾನ ತಾನಾಗಿ ಹೊರಟು ತಾನಾಗಿ ಇಳಿಯುತ್ತದೆ ಅನ್ನುವ ಚಿತ್ರ ಇದೆ. ನಾಲ್ಕು ಸೀಟಿನ ಹಳೆಯ ವಿಮಾನದಲ್ಲಿ ಹಾಗೇನಿಲ್ಲ. ನಮ್ಮದರಲ್ಲಿ ಇದ್ದದ್ದು ಎಸ್-ಟೆಕ್ ಸಿಸ್ಟಮ್ 50. ಅದರ ಮಿದುಳು ಪ್ಯಾನೆಲ್‌ನಲ್ಲಿ ಕೂತ ಒಂದು ಸಣ್ಣ ಡಬ್ಬಿ. ಎಡ-ಬಲಕ್ಕೆ ಎಷ್ಟು ವೇಗವಾಗಿ ತಿರುಗುತ್ತಿದ್ದೇವೆ ಅನ್ನುವುದನ್ನು ಟರ್ನ್ ಕೋಆರ್ಡಿನೇಟರ್ ಅನ್ನುವ ಮೀಟರಿನ ಒಳಗೆ ಜೋರಾಗಿ ತಿರುಗುವ ಚಕ್ರ, ಅಂದರೆ ಗೈರೋ, ಹೇಳುತ್ತದೆ. ಎತ್ತರವನ್ನು, ಹೊರಗಿನ ಗಾಳಿಯ ಒತ್ತಡ ತರುವ ಸ್ಟ್ಯಾಟಿಕ್ ಪೈಪಿಗೆ ಸೇರಿಸಿದ ಒತ್ತಡದ ಸೆನ್ಸರ್ ಹೇಳುತ್ತದೆ. ಇದನ್ನೆಲ್ಲ ಕೇಳಿಸಿಕೊಂಡು ಕೈಕೆಲಸ ಮಾಡುವುದು ಸರ್ವೋಗಳು. ರೋಲ್ ಸರ್ವೋ ರೆಕ್ಕೆಯೊಳಗೆ ಇದ್ದು, ವಿಮಾನವನ್ನು ಎಡ-ಬಲಕ್ಕೆ ವಾಲಿಸುವ ಏಲೆರಾನ್ ಎಳೆಯುತ್ತದೆ. ಪಿಚ್ ಸರ್ವೋ ಬಾಲದೊಳಗೆ ಇದ್ದು, ಮೂಗನ್ನು ಮೇಲೆ ಕೆಳಗೆ ಮಾಡುವ ಎಲಿವೇಟರ್ ಎಳೆಯುತ್ತದೆ. ಟ್ರಿಮ್, ಅಂದರೆ ಕೈಬಿಟ್ಟರೂ ಮೂಗು ಇದ್ದಲ್ಲೇ ಇರುವ ಹಾಗೆ ಹೊಂದಿಸುವ ಕೆಲಸ, ಮಾತ್ರ ನಮ್ಮ ಪಾಲಿಗೆ. ಪಿಚ್ ಸರ್ವೋ ಒಂದೇ ಕಡೆಗೆ ಜಾಸ್ತಿ ಹೊತ್ತು ಎಳೆಯಬೇಕಾಗಿ ಬಂದರೆ ಡಬ್ಬಿಯ ಮೇಲೆ ಟ್ರಿಮ್ ದೀಪ ಹೊತ್ತಿಕೊಳ್ಳುತ್ತದೆ. ಆಗ ನಾವು ಕೈಯಿಂದ ಚಕ್ರ ತಿರುಗಿಸಿ ಅದರ ಭಾರ ಇಳಿಸಬೇಕು.

ಸರ್ವೋ ಒಳಗೆ ಇರುವುದು ಒಂದು ಡಿಸಿ ಮೋಟಾರ್, ಕೆಲವು ಗೇರ್‌ಗಳು, ಆಟೋಪೈಲಟ್ ಆನ್ ಮಾಡಿದಾಗ ಗೇರ್‌ಗಳನ್ನು ಕಚ್ಚಿಸುವ ಸೊಲೆನಾಯ್ಡ್, ಮತ್ತೆ ಒಂದು ಸ್ಲಿಪ್ ಕ್ಲಚ್. ಹೊರಗೆ ಕ್ಯಾಪ್‌ಸ್ಟನ್ ಅನ್ನುವ ಸಣ್ಣ ರಾಟೆ. ಅದಕ್ಕೆ ತೆಳುವಾದ ಬ್ರೈಡಲ್ ಕೇಬಲ್ ಸುತ್ತಿ, ಎರಡು ತುದಿಗಳನ್ನೂ ಎಲಿವೇಟರಿನ ಮುಖ್ಯ ಕೇಬಲ್‌ಗೆ ಕ್ಲಾಂಪ್ ಹಾಕಿ ಬಿಗಿದಿರುತ್ತಾರೆ. ಅಂದರೆ ಸರ್ವೋ ನೇರವಾಗಿ ಎಲಿವೇಟರ್ ಮುಟ್ಟುವುದೇ ಇಲ್ಲ. ನಾನು ಯೋಕ್ (ವಿಮಾನದ ಸ್ಟಿಯರಿಂಗ್) ಎಳೆದರೆ ಎಳೆಯುವ ಅದೇ ಕೇಬಲ್ಲನ್ನು ಅದು ಪಕ್ಕದಿಂದ ಎಳೆಯುತ್ತದೆ, ಅಷ್ಟೇ. ಸ್ಲಿಪ್ ಕ್ಲಚ್ ಇರುವುದು ಪೈಲಟ್‌ನ ಕ್ಷೇಮಕ್ಕೆ. ಸರ್ವೋ ಹುಚ್ಚು ಹಿಡಿದು ಎಳೆಯತೊಡಗಿದರೂ ನಾನು ಕೈಬಲದಿಂದ ಅದನ್ನು ಮೀರಬಹುದು, ಕ್ಲಚ್ ಜಾರುತ್ತದೆ. ಎಷ್ಟು ಬಲಕ್ಕೆ ಜಾರಬೇಕು ಅನ್ನುವುದು ಒಂದೊಂದು ಮಾಡೆಲ್‌ಗೆ ಒಂದೊಂದು. 182ರ ಲೆಕ್ಕ ಬೊನಾಂಜಾ ಅನ್ನುವ ಇನ್ನೊಂದು ವಿಮಾನಕ್ಕೆ ನಡೆಯಲ್ಲ.

ಇಲ್ಲಿ ಒಂದು ಕಾನೂನಿನ ಮಾತು ಇದೆ. ಅಮೆರಿಕದಲ್ಲಿ ವಿಮಾನದ ಮಾಲೀಕನೇ ಮಾಡಿಕೊಳ್ಳಬಹುದಾದ ಸಣ್ಣಪುಟ್ಟ ಕೆಲಸಗಳ ಪಟ್ಟಿ ಅಲ್ಲಿನ ವಿಮಾನಯಾನ ಇಲಾಖೆಯಾದ ಎಫ್‌ಎಎ ನಿಯಮಗಳ ಭಾಗ 43ರಲ್ಲಿದೆ. ಟೈರ್ ಬದಲಿಸಬಹುದು, ಆಯಿಲ್ ಬದಲಿಸಬಹುದು. ಪ್ಯಾನೆಲ್‌ನಿಂದ ರೇಡಿಯೋ ಎಳೆದು ಮತ್ತೆ ಕೂರಿಸಲೂಬಹುದು. ಆದರೆ ಅದೇ ಸಾಲಿನಲ್ಲಿ ಆಟೋಪೈಲಟ್ ಇದಕ್ಕೆ ಸೇರುವುದಿಲ್ಲ ಅಂತ ಬರೆದುಬಿಟ್ಟಿದ್ದಾರೆ. ಸರ್ವೋ ವಿಷಯದಲ್ಲಿ ನಾನೊಬ್ಬನೇ ಸ್ಕ್ರೂ ಬಿಚ್ಚುವ ಹಾಗಿಲ್ಲ. ವಿಮಾನದ ಮೈ ಮತ್ತು ಇಂಜಿನ್ ಎರಡಕ್ಕೂ ಲೈಸೆನ್ಸ್ ಇರುವ ಎ ಆ್ಯಂಡ್ ಪಿ ಮೆಕಾನಿಕ್ ಪಕ್ಕದಲ್ಲಿ ನಿಂತು ನೋಡುತ್ತಿದ್ದರೆ ಮಾಡಬಹುದು. ಕೆಲಸ ಸರಿಯಾಗಿದೆ ಅಂತ ಲಾಗ್‌ಬುಕ್ಕಿನಲ್ಲಿ ಸಹಿ ಹಾಕುವವರು ಅವರೇ. ನಮ್ಮ ಮೆಕಾನಿಕ್ ಎಪ್ಪತ್ತು ದಾಟಿದವರು, ಮಾತು ಕಡಿಮೆ. ಕೆಲಸ ಕಲಿಯಬೇಕು ಅನ್ನುವವರನ್ನು ಓಡಿಸುವುದಿಲ್ಲ.

ಸ್ಪ್ಯಾನರ್ ಹಿಡಿಯೋಕೆ ಮುಂಚೆ ಹಾರಿಸಿ ನೋಡಿಕೊಂಡು ಬಾ ಅಂದರು. ಏನೇನು ನೋಡಬೇಕು ಅಂತ ಚೀಟಿ ಬರೆದುಕೊಟ್ಟರು. ಆಟೋಪೈಲಟ್ ಆಫ್ ಮಾಡಿ, ಟ್ರಿಮ್ ಸರಿಮಾಡಿ, ಕೈಬಿಟ್ಟರೆ ವಿಮಾನ ನೆಟ್ಟಗೆ ಹೋಗುತ್ತದೋ ಇಲ್ಲವೋ? ಹೋಗುತ್ತಿತ್ತು. ಗಾಳಿಯ ಒತ್ತಡವನ್ನು ಬೇರೆ ಕಡೆಯಿಂದ ತೆಗೆದುಕೊಳ್ಳುವ ಆಲ್ಟರ್ನೇಟ್ ಸ್ಟ್ಯಾಟಿಕ್ ವಾಲ್ವ್ ಎಳೆದು ಆಮೇಲೆ ಆಟೋಪೈಲಟ್ ಹಾಕಿದರೆ ಓಲಾಟ ಬದಲಾಗುತ್ತದೋ? ಇಲ್ಲ, ಹಾಗೇ ಇತ್ತು. ಅಂದರೆ ಸ್ಟ್ಯಾಟಿಕ್ ಪೈಪಿನಲ್ಲಿ ನೀರೋ ಕಸವೋ ಕೂತು ಎತ್ತರದ ಲೆಕ್ಕ ತಪ್ಪುತ್ತಿಲ್ಲ. ಮೂರನೆಯದು ನನಗೆ ಹೊಳೆದಿರಲೇ ಇಲ್ಲ. ಓಲಾಡುತ್ತಿರುವಾಗ ಯೋಕ್ ಮೇಲೆ ಎರಡು ಬೆರಳು ಮೆತ್ತಗೆ ಇಟ್ಟುಕೋ ಅಂದಿದ್ದರು. ಇಟ್ಟೆ. ಯೋಕ್ ಹದವಾಗಿ ಚಲಿಸುತ್ತಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಆಮೇಲೆ ಟಕ್ ಅಂತ ಒಂದು ಸಣ್ಣ ಜಿಗಿತ. ಮತ್ತೆ ನಿಂತು, ಮತ್ತೆ ಟಕ್. ಸರ್ವೋ ಎಳೆಯುತ್ತಿದೆ, ಆದರೆ ಎಲ್ಲೋ ಏನೋ ಹಿಡಿದುಕೊಳ್ಳುತ್ತಿದೆ. ಎಳೆತ ಸಾಕಷ್ಟು ಜೋರಾದ ಮೇಲೆ ಒಮ್ಮೆಲೇ ಬಿಡುತ್ತದೆ, ಅಷ್ಟರಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಆಗಿಹೋಗಿರುತ್ತದೆ. ಸೈಕಲ್ ಚೈನ್ ಸಡಿಲವಾಗಿದ್ದಾಗ ಪೆಡಲ್ ತುಳಿದರೆ ಮೊದಲು ಏನೂ ಆಗದೆ ಆಮೇಲೆ ಗಕ್ಕನೆ ಹಿಡಿಯುತ್ತದಲ್ಲ, ಹಾಗೆ.

ಬಾಲದೊಳಗೆ ಹೋಗುವ ದಾರಿ ಲಗೇಜ್ ಇಡುವ ಜಾಗದ ಹಿಂದಿನ ಪರದೆ ಬಿಚ್ಚಿದರೆ ಸಿಗುತ್ತದೆ. ಮೊದಲು ಬಾಲದ ಕೆಳಗೆ ಒಂದು ಸ್ಟ್ಯಾಂಡ್ ಕೊಡಬೇಕು. ಇಲ್ಲದಿದ್ದರೆ ಮನುಷ್ಯನ ತೂಕ ಹಿಂದಕ್ಕೆ ಹೋದಾಗ ವಿಮಾನ ಮೂಗೆತ್ತಿ ಬಾಲ ಊರಿಬಿಡುತ್ತದೆ. ಒಳಗೆ ಅಂಗಾತ ಮಲಗಿ ತೆವಳಬೇಕು. ಬೆನ್ನಿನ ಕೆಳಗೆ ಹಲಗೆ, ಮೂಗಿನ ಮೇಲೆ ಅಲ್ಯುಮಿನಿಯಂ ತಗಡು, ಹಣೆಗೆ ಕಟ್ಟಿದ ಟಾರ್ಚ್. ಒಂದು ಮೂಲೆಯಲ್ಲಿ ಕಣಜ ಕಟ್ಟಿದ ಮಣ್ಣಿನ ಗೂಡು, ಒಣಗಿ ಗಟ್ಟಿಯಾಗಿತ್ತು. ಹಳೆಯ ಗ್ರೀಸಿನ ವಾಸನೆ. ಸರ್ವೋ ತನ್ನ ಬ್ರಾಕೆಟ್ಟಿನಲ್ಲಿ ಗಟ್ಟಿಯಾಗಿ ಕೂತಿತ್ತು. ಬ್ರೈಡಲ್ ಕೇಬಲ್ಲಿನ ಮಧ್ಯದಲ್ಲಿ ಒತ್ತಿ ಕೂರಿಸಿದ ಲೋಹದ ಗುಂಡು ಕ್ಯಾಪ್‌ಸ್ಟನ್‌ನ ಕುಳಿಯಲ್ಲಿ ಸರಿಯಾಗಿಯೇ ಇತ್ತು. ಆ ಗುಂಡು ಇರುವುದು ಕೇಬಲ್ ಜಾರದಿರಲಿ ಅಂತ.

ಮೆಕಾನಿಕ್ ಹೊರಗಿನಿಂದ ಒಂದು ಹತ್ತಿ ಬಟ್ಟೆ ಕೊಟ್ಟರು. ಅದನ್ನು ಕೇಬಲ್ ಸುತ್ತ ಹಿಡಿದು ಉದ್ದಕ್ಕೂ ಎಳೆಯಬೇಕು. ಒಂದೇ ಒಂದು ಎಳೆ ತುಂಡಾಗಿದ್ದರೂ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಬರಿಗೈಯಲ್ಲಿ ಮಾಡಿದರೆ ಬೆರಳಿಗೆ ಸಿಕ್ಕಿಕೊಳ್ಳುತ್ತದೆ. ಬಟ್ಟೆ ಸಲೀಸಾಗಿ ಬಂತು, ಕೇಬಲ್ ಚೆನ್ನಾಗಿದೆ. ಆಮೇಲೆ ಅವರು ಯೋಕ್ ಹಿಡಿದು ತುಂಬ ನಿಧಾನವಾಗಿ ಹಿಂದೆ ಮುಂದೆ ಮಾಡಿದರು. ನಾನು ಒಳಗೆ ಪುಲ್ಲಿಗಳನ್ನು ನೋಡುತ್ತಾ ಮಲಗಿದ್ದೆ. ಎಲ್ಲ ಪುಲ್ಲಿಗಳೂ ತಿರುಗಿದವು, ಒಂದು ಬಿಟ್ಟು. ಅದರ ಮೇಲೆ ಕೇಬಲ್ ಉಜ್ಜಿಕೊಂಡು ಹೋಗುತ್ತಿತ್ತು, ಪುಲ್ಲಿ ಮಾತ್ರ ಕದಲುತ್ತಿರಲಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಅರ್ಧ ಸುತ್ತು ತಿರುಗಿ ಮತ್ತೆ ನಿಂತಿತು. ಅದರ ಬೇರಿಂಗಿನಲ್ಲಿ ಗ್ರೀಸ್ ಒಣಗಿ ಅಂಟಿನಂತಾಗಿತ್ತು. ಕೇಬಲ್ ಉಜ್ಜಿದ ಕಡೆ ಪುಲ್ಲಿಯ ಅಂಚು ಚಪ್ಪಟೆಯಾಗಿ ಹೊಳೆಯುತ್ತಿತ್ತು. ಯೋಕ್ ಮೇಲೆ ಬೆರಳಿಟ್ಟಾಗ ಸಿಕ್ಕ ಆ ಟಕ್ ಇಲ್ಲಿಂದಲೇ ಬರುತ್ತಿದ್ದದ್ದು.

ಇನ್ನು ಕೇಬಲ್ಲಿನ ಬಿಗಿ. ಟೆನ್ಷನ್ ಮೀಟರ್ ಕಚ್ಚಿಸಿ ನೋಡಿದರೆ ಎಲಿವೇಟರ್ ಕೇಬಲ್ ಮ್ಯಾನ್ಯುಯಲ್ಲಿನ ಅಳತೆಗಿಂತ ಸಡಿಲ. ಬ್ರೈಡಲ್ ಕೂಡ ಸ್ವಲ್ಪ ಸಡಿಲ. ಲಾಗ್‌ಬುಕ್ ತಿರುವಿದಾಗ ಹಿಂದಿನ ಮಾಲೀಕರ ಕಾಲದಲ್ಲಿ ಬೇರೊಂದು ಊರಿನ ಶಾಪ್‌ನವರು ಈ ಕೇಬಲ್ ಬಿಗಿದದ್ದು ಸಿಕ್ಕಿತು. ತಿಂಗಳು ಆಗಸ್ಟ್. ಇಲ್ಲಿನ ಕಣಿವೆಯಲ್ಲಿ ಆಗಸ್ಟ್ ಮಧ್ಯಾಹ್ನ ಅಂದರೆ ಬಳ್ಳಾರಿಯ ಏಪ್ರಿಲ್. ಮ್ಯಾನ್ಯುಯಲ್‌ನಲ್ಲಿ ಇಷ್ಟರಿಂದ ಇಷ್ಟು ಪೌಂಡ್ ಅಂತ ಕೊಟ್ಟಿದ್ದರೆ, ಅವರು ಬರೆದಿಟ್ಟ ಅಂಕಿ ಅದರ ಕೆಳಗಿನ ತುದಿಯಲ್ಲಿತ್ತು. ವಿಮಾನದ ಮೈ ಅಲ್ಯುಮಿನಿಯಂ, ಕೇಬಲ್ ಉಕ್ಕು. ಬಿಸಿಯಾದಾಗ ಅಲ್ಯುಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಹಾಗಾಗಿ ಬಿಸಿಲಲ್ಲಿ ಮೈ ಉದ್ದವಾಗಿ ಕೇಬಲ್ ತಾನಾಗಿ ಬಿಗಿಯಾಗುತ್ತದೆ. ಚಳಿಗೆ ಮೈ ಕುಗ್ಗಿ ಕೇಬಲ್ ಸಡಿಲವಾಗುತ್ತದೆ. ಸಾವಿರ ಅಡಿ ಏರಿದರೆ ಎರಡು ಡಿಗ್ರಿ ತಣ್ಣಗಾಗುತ್ತದೆ ಅನ್ನುವ ಲೆಕ್ಕ ಹಿಡಿದರೆ, ಜನವರಿಯಲ್ಲಿ 7,500 ಅಡಿಯಲ್ಲಿ ಆ ಕೇಬಲ್ ಎಷ್ಟು ಜೋಲುಬಿದ್ದಿರಬೇಕು ನೋಡಿ. ಚಳಿಗಾಲದಲ್ಲಿ ಓಲಾಟ ಜಾಸ್ತಿ ಆಗುತ್ತಿದ್ದ ಗುಟ್ಟು ಇದೇ.

ಪುಲ್ಲಿ ಬದಲಾಯಿತು. ಉಳಿದವು ಸ್ವಚ್ಛವಾದವು. ಕೇಬಲ್ ಬಿಗಿಯಾಯಿತು. ಹಾರಿಸಿ ನೋಡಿದರೆ ಓಲಾಟ ಅರ್ಧಕ್ಕರ್ಧ ಕಡಿಮೆ. ಪೂರ್ತಿ ಹೋಗಲಿಲ್ಲ. ಹುಬ್ಬಳ್ಳಿಯವರು ಅಷ್ಟಕ್ಕೇ ಗೆದ್ದವರ ಹಾಗೆ, "ನಾ ಹೇಳಲಿಲ್ಲೇನ್ರಿ?" ಅಂದರು. ಅವರ ಮಾತೂ ಸುಳ್ಳಾಗಿರಲಿಲ್ಲ. ಪಿಚ್ ಸರ್ವೋ ಬಿಚ್ಚಿ ಬೆಂಚಿನ ಮೇಲಿಟ್ಟು, ಸೊನ್ನೆಯಿಂದ ನಿಧಾನಕ್ಕೆ ವೋಲ್ಟೇಜ್ ಏರಿಸುತ್ತಾ ಬಂದರೆ, ತಿರುಗಲು ಶುರುಮಾಡಬೇಕಾದ ಜಾಗಕ್ಕಿಂತ ತುಂಬ ತಡವಾಗಿ ಅದು ಎದ್ದಿತು. ಎದ್ದದ್ದೂ ಮುಗ್ಗರಿಸಿಕೊಂಡು. ಮೋಟಾರಿನ ಕಾರ್ಬನ್ ಬ್ರಶ್ ಸವೆದು ಅದರ ಕರಿ ಪುಡಿ, ಬ್ರಶ್ ಉಜ್ಜುವ ಕಾಮ್ಯುಟೇಟರ್ ಸಂದಿನಲ್ಲೆಲ್ಲ ತುಂಬಿಕೊಂಡಿರುತ್ತದೆ. ಎತ್ತರ ಹಿಡಿಯುವಾಗ ಸರ್ವೋಗೆ ಬೇಕಾಗುವುದು ತೀರ ಸಣ್ಣ ಸಣ್ಣ ಎಳೆತ. ಸಣ್ಣ ವೋಲ್ಟೇಜಿಗೆ ಮೋಟಾರ್ ಏಳದಿದ್ದರೆ ಆ ಕೆಲಸ ಆಗುವುದೇ ಇಲ್ಲ.

ಸರ್ವೋವನ್ನು ಪೆಟ್ಟಿಗೆಯಲ್ಲಿಟ್ಟು ಓವರ್‌ಹಾಲ್‌ಗೆ ಕಳಿಸಿದೆವು. ವಾಪಸ್ ಬಂದಾಗ ಹೊಸ ಬ್ರಶ್, ಹೊಸ ಬೇರಿಂಗ್, ಅಳೆದು ಹೊಂದಿಸಿದ ಕ್ಲಚ್, ಜೊತೆಗೆ ಏನೇನು ಕೆಲಸ ಆಯಿತು, ಬಳಕೆಗೆ ಯೋಗ್ಯ ಅಂತ ಬರೆದುಕೊಡುವ, ಮೆಕಾನಿಕ್‌ಗಳು ಹಳದಿ ಚೀಟಿ ಅನ್ನುವ ಕಾಗದ. ಇಂಥ ದಾಖಲೆ ಇಲ್ಲದ ಸರ್ವೋ ಎಷ್ಟೇ ಚೆನ್ನಾಗಿದ್ದರೂ ವಿಮಾನಕ್ಕೆ ಹಾಕುವ ಹಾಗಿಲ್ಲ. ಕೂರಿಸಿ, ಬ್ರೈಡಲ್ ಸುತ್ತಿ, ಬೋಲ್ಟುಗಳಿಗೆ ಸೇಫ್ಟಿ ವಯರ್ ಹೆಣೆದು, ಯೋಕನ್ನು ಈ ತುದಿಯಿಂದ ಆ ತುದಿಗೆ ಓಡಿಸಿ, ಕ್ಲಾಂಪ್ ಯಾವ ಪುಲ್ಲಿಗೂ ತಗಲುತ್ತಿಲ್ಲ ಅಂತ ಕಣ್ಣಾರೆ ನೋಡಿದೆವು. ಈ ಕೊನೆಯದು ಪ್ರಾಣದ ವಿಷಯ. ಕ್ಲಾಂಪ್ ಪುಲ್ಲಿಯಲ್ಲಿ ಸಿಕ್ಕಿಕೊಂಡರೆ ಎಲಿವೇಟರ್ ಅಲ್ಲೇ ಕಚ್ಚಿಕೊಳ್ಳುತ್ತದೆ, ಆಟೋಪೈಲಟ್ ಆಫ್ ಮಾಡಿದರೂ ಬಿಡುವುದಿಲ್ಲ. ಆಮೇಲೆ ದಿಕ್ಕಿನ ಪರೀಕ್ಷೆ. ಆಟೋಪೈಲಟ್‌ಗೆ ಮೇಲೆ ಹೋಗು ಅಂದಾಗ ಯೋಕ್ ಹಿಂದಕ್ಕೆ ಬರಬೇಕು. ವಯರ್ ಅದಲುಬದಲಾಗಿದ್ದರೆ ಮುಂದಕ್ಕೆ ಹೋಗುತ್ತದೆ. ಇದನ್ನು ನೋಡಲು ಮೆಕಾನಿಕ್ ಪಕ್ಕದ ಹ್ಯಾಂಗರಿನ ಇನ್ನೊಬ್ಬರನ್ನು ಕರೆದರು. ಸ್ವಂತ ಕೆಲಸವನ್ನು ಸ್ವಂತ ಕಣ್ಣಿಂದ ಮಾತ್ರ ನೋಡಿ ಸಹಿ ಹಾಕುವುದಿಲ್ಲ ಅನ್ನುವುದು ಅವರ ಪದ್ಧತಿ.

ಆಲ್ಟಮಾಂಟ್ ಪಾಸ್‌ನ ಗಾಳಿಯಂತ್ರಗಳನ್ನು ದಾಟಿ ಟ್ರೇಸಿ ಕಡೆ ಹೊರಟೆವು. 7,500ರಲ್ಲಿ ಬಟನ್ ಒತ್ತಿದೆ. ಎತ್ತರದ ಮುಳ್ಳು ಇಪ್ಪತ್ತು ಅಡಿಯೊಳಗೆ ನಿಂತುಬಿಟ್ಟಿತು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಸ್ವಲ್ಪ ದಿನಕ್ಕೆ ಟರ್ನ್ ಕೋಆರ್ಡಿನೇಟರ್ ಗುಂಯ್‌ಗುಡಲು ಶುರುಮಾಡಿತು. ಗೈರೋ ಬೇರಿಂಗ್ ಸಾಯುವ ಮುಂಚೆ ಮಾಡುವ ಸದ್ದು ಅದು. ಅದು ಹೋದರೆ ಎಡ-ಬಲ ಹಿಡಿಯುವ ಕೆಲಸವೂ ಹೋಯಿತು. ರೋಲ್ ಸರ್ವೋಗೂ ಪಿಚ್ ಸರ್ವೋದಷ್ಟೇ ವಯಸ್ಸು. ಈಗ ರಿಪೇರಿಯೋ ಹೊಸದೋ ಅನ್ನುವ ಚರ್ಚೆ ನಿಜವಾಗಿ ಶುರುವಾಯಿತು. ಹಳೆಯ ಆಟೋಪೈಲಟ್ ಇರುವವರೆಲ್ಲ ಒಂದಲ್ಲ ಒಂದು ದಿನ ಇಲ್ಲಿಗೆ ಬರುತ್ತಾರೆ. ಬೆಂಡಿಕ್ಸ್ ಕಿಂಗ್‌ನ ಕೆಎಫ್‌ಸಿ 150 ಆಟೋಪೈಲಟ್ ಇರುವವರಿಗೆ ಕೆಐ 256 ಗೈರೋ ಕೆಟ್ಟಾಗ ಈ ಚರ್ಚೆ ಬರುತ್ತದೆ. ಅದು ಗಾಳಿಪಂಪಿನಿಂದ ತಿರುಗುವ ಗೈರೋ, ಓವರ್‌ಹಾಲ್ ಖರ್ಚು ಕೇಳಿದರೆ ಎದೆ ಹಿಡಿದುಕೊಳ್ಳಬೇಕು. ನನ್ನ ಲೆಕ್ಕ ಸರಳ. ಒಂದು ಭಾಗ ಕೆಟ್ಟರೆ ರಿಪೇರಿ. ಸೆನ್ಸರ್ ಮತ್ತು ಸರ್ವೋ ಎರಡೂ ಒಟ್ಟಿಗೆ ಮುದಿಯಾದರೆ ಹೊಸದು. ಮೇಷ್ಟರೂ ಗೊಣಗುತ್ತಲೇ ಒಪ್ಪಿದರು.

ಆರಿಸಿಕೊಂಡದ್ದು ಗಾರ್ಮಿನ್ ಜಿಎಫ್‌ಸಿ 500. 2017ರಲ್ಲಿ ಘೋಷಿಸಿದಾಗ ಎರಡು ಸರ್ವೋಗಳ ಪ್ಯಾಕೇಜಿನ ಬೆಲೆ 7,000 ಡಾಲರಿಗಿಂತ ಸ್ವಲ್ಪ ಕಡಿಮೆ ಅಂದಾಗ ಹಳೆಯ ವಿಮಾನದವರೆಲ್ಲ ಹುಬ್ಬೇರಿಸಿದ್ದರು. ಆ ಬೆಲೆಯಲ್ಲಿ ಕೂಲಿ ಇಲ್ಲ, ಜಿ5 ಪರದೆ ಇಲ್ಲ, ಟ್ರಿಮ್ ಸರ್ವೋ ಇಲ್ಲ. ಎಲ್ಲ ಸೇರಿ ನಮಗೆ ಮೂವತ್ತು ಸಾವಿರದ ಹತ್ತಿರ ಬಂತು. ಇದರ ಜಿಎಸ್‌ಎ 28 ಸರ್ವೋ ಹಳೆಯದರ ಜಾತಿಯೇ ಅಲ್ಲ. ಮೋಟಾರಿಗೆ ಬ್ರಶ್ ಇಲ್ಲ, ಹಾಗಾಗಿ ಕರಿ ಪುಡಿಯೂ ಇಲ್ಲ. ಆಟೋಪೈಲಟ್ ಆಫ್ ಇದ್ದಾಗ ಒಂದು ಕ್ಲಚ್ ಮೋಟಾರನ್ನು ಪೂರ್ತಿ ಬಿಡಿಸಿಬಿಡುತ್ತದೆ, ಯೋಕ್ ಹಗುರ. ಎಷ್ಟು ಬಲದಿಂದ ಎಳೆಯಬೇಕು ಅನ್ನುವ ಮಿತಿಯನ್ನು ಸಾಫ್ಟ್‌ವೇರ್ ಹಾಕುತ್ತದೆ. 182ಕ್ಕೆ ಅಂತಲೇ ಒಪ್ಪಿಗೆ ಪಡೆದ ಸೆಟ್ಟಿಂಗ್ ಇದೆ, ಅದನ್ನೇ ತುಂಬಿಸಬೇಕು. ನಮ್ಮ ಇಷ್ಟಕ್ಕೆ ತಿರುಚುವ ಹಾಗಿಲ್ಲ.

ಈ ಕೆಲಸಕ್ಕೆ ಏವಿಯಾನಿಕ್ಸ್ ಶಾಪ್, ಅಂದರೆ ವಿಮಾನದ ಎಲೆಕ್ಟ್ರಾನಿಕ್ಸ್ ಕೆಲಸದವರು, ಬೇಕಾಯಿತು. ಹೇಳಿದ ದಿನಕ್ಕೆ ಕೊಡುವ ಏವಿಯಾನಿಕ್ಸ್ ಶಾಪ್ ಅನ್ನು ನಾನಂತೂ ಕಂಡಿಲ್ಲ, ಹಬ್ಬದ ಬಟ್ಟೆ ಹೊಲಿಯೋ ಟೈಲರ್‌ಗಳೇ ವಾಸಿ. ಕೊನೆಗೂ ಮುಗಿಯಿತು. ಕಾಗದಪತ್ರ ಒಂದು ಕಟ್ಟು. ಎಸ್‌ಟಿಸಿ ಅನ್ನುವ ಒಪ್ಪಿಗೆ ಪತ್ರ, ದೊಡ್ಡ ಬದಲಾವಣೆ ಮಾಡಿದ್ದೇವೆ ಅಂತ ತಿಳಿಸುವ ಫಾರ್ಮ್ 337. ಅದರ ಒಂದು ಪ್ರತಿ ಒಕ್ಲಹೋಮ ಸಿಟಿಯ ಎಫ್‌ಎಎ ಕಚೇರಿಗೆ ಹೋಗುತ್ತದೆ. ತೂಕದ ಲೆಕ್ಕ ಹೊಸದಾಗಿ ಆಗಬೇಕು. ಬಾಲದಲ್ಲಿ ಅರ್ಧ ಕಿಲೋ ಹೆಚ್ಚುಕಮ್ಮಿ ಆದರೂ ವಿಮಾನದ ಸಮತೋಲ ಬದಲಾಗುತ್ತದೆ. ಸ್ಟ್ಯಾಟಿಕ್ ಪೈಪ್ ಬಿಚ್ಚಿದ್ದರಿಂದ ಸೋರಿಕೆ ಪರೀಕ್ಷೆಯೂ ಆಯಿತು.

ಮೊದಲ ಹಾರಾಟ. ಎತ್ತರ ಗೆರೆ ಎಳೆದ ಹಾಗೆ. ಆದರೆ ರೆಕ್ಕೆಗಳು ಸಣ್ಣಗೆ ತೂಗುತ್ತಿದ್ದವು, ಎಡಕ್ಕೆ ಒಂದಿಷ್ಟು, ಬಲಕ್ಕೆ ಒಂದಿಷ್ಟು. ಶಾಪ್‌ನವರಿಗೆ ಫೋನ್ ಮಾಡಿದರೆ ಸಾಫ್ಟ್‌ವೇರ್ ನೋಡೋಣ, ಸರ್ವೋ ಬದಲಿಸೋಣ ಅಂದರು. ನಮ್ಮ ಮೆಕಾನಿಕ್ ಏನೂ ಹೇಳದೆ ಏಣಿ ತಂದು ರೆಕ್ಕೆಯ ಕೆಳಗಿನ ಮುಚ್ಚಳಗಳನ್ನು ಬಿಚ್ಚತೊಡಗಿದರು. ಏಲೆರಾನ್ ಕೇಬಲ್ಲಿನ ಎರಡು ಪುಲ್ಲಿಗಳು ಒಣಗಿ ಕೂತಿದ್ದವು. ಹೊಸ ಸರ್ವೋ ಹಾಕಿದವರು ಅದರ ಕೇಬಲ್ ಹೋಗುವ ದಾರಿ ನೋಡಿರಲಿಲ್ಲ. ಪುಲ್ಲಿ ಬದಲಾಯಿಸಿದ ಮೇಲೆ ರೆಕ್ಕೆ ಸುಮ್ಮನಾಯಿತು. ಸಾಫ್ಟ್‌ವೇರ್ ಯಾರೂ ಮುಟ್ಟಲಿಲ್ಲ. ಅಪ್‌ಗ್ರೇಡ್ ಮಾಡಿಸುವವರು ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟೇ: ದುಡ್ಡು ಕಟ್ಟುವ ಮುಂಚೆ ಪುಲ್ಲಿಗಳನ್ನು ಒಂದೊಂದಾಗಿ ಕೈಯಿಂದ ತಿರುಗಿಸಿ ನೋಡಿಸಿ. ಅದಕ್ಕೆ ಒಂದು ಮಧ್ಯಾಹ್ನ ಸಾಕು.

ಹೊಸದರಲ್ಲಿ ಅಭ್ಯಾಸ ಬದಲಿಸಿಕೊಳ್ಳಬೇಕಾದ ಒಂದು ಸಂಗತಿ ಇದೆ. ಈಗ ಟ್ರಿಮ್‌ಗೂ ಸರ್ವೋ ಇದೆ. ಆಟೋಪೈಲಟ್ ಆನ್ ಇರುವಾಗ ನಾವು ಮರೆತು ಯೋಕ್ ಹಿಂದಕ್ಕೆ ಹಿಡಿದುಕೊಂಡರೆ, ಅದು ನಮ್ಮ ಕೈಬಲವನ್ನು ಮೀರಲು ಮೂಗು ಕೆಳಗೆ ಹೋಗುವ ಹಾಗೆ ಟ್ರಿಮ್ ಸುತ್ತುತ್ತಾ ಹೋಗುತ್ತದೆ. ಆಮೇಲೆ ಕೈಬಿಟ್ಟರೆ ಮೂಗು ದಬಕ್ ಅಂತ ಕೆಳಗೆ. ಹಾಗಾಗಿ ಏನಾದರೂ ಸರಿ ಕಾಣದಿದ್ದರೆ ಗುದ್ದಾಡಬಾರದು, ಯೋಕ್ ಮೇಲಿನ ಕೆಂಪು ಬಟನ್ ಒತ್ತಬೇಕು. ಅದಕ್ಕೂ ಬಗ್ಗದಿದ್ದರೆ ಸರ್ಕ್ಯೂಟ್ ಬ್ರೇಕರ್ ಎಳೆಯಬೇಕು. ನಮ್ಮ ಬ್ರೇಕರಿಗೆ ಕೆಂಪು ಉಂಗುರ ಹಾಕಿಸಿದ್ದೇವೆ, ಕತ್ತಲಲ್ಲೂ ಬೆರಳಿಗೆ ಸಿಗಲಿ ಅಂತ. ಇನ್ನು ಎಲ್‌ವಿಎಲ್ ಅನ್ನುವ ನೀಲಿ ಬಟನ್. ದಿಕ್ಕು ತಪ್ಪಿದಾಗ ಅದನ್ನೊತ್ತಿದರೆ ರೆಕ್ಕೆ ಸಮ ಮಾಡಿ ನೆಟ್ಟಗೆ ಹಿಡಿಯುತ್ತದೆ. ಆಟೋಪೈಲಟ್ ಆಫ್ ಇದ್ದರೂ 45 ಡಿಗ್ರಿಗಿಂತ ಜಾಸ್ತಿ ವಾಲಿದರೆ ಸರ್ವೋ ಮೆತ್ತಗೆ ವಾಪಸ್ ತಳ್ಳುತ್ತದೆ. ಹುಬ್ಬಳ್ಳಿಯವರಿಗೆ ಇದು ಹಿಡಿಸಲಿಲ್ಲ. "ನಾ ಹಾರಸ್ಲೋ ಅದು ಹಾರಸ್ಲೋ?" ಅಂತ ಮೊದಲ ದಿನವೇ ಮುಖ ಸಿಂಡರಿಸಿದರು.

1914ರಲ್ಲಿ ಲಾರೆನ್ಸ್ ಸ್ಪೆರಿ ಪ್ಯಾರಿಸ್ ಹತ್ತಿರ ಸೆನ್ ನದಿಯ ಮೇಲೆ ವಿಮಾನವನ್ನು ತಾನಾಗಿ ನೆಟ್ಟಗೆ ಹಿಡಿಯುವ ತನ್ನ ಗೈರೋ ಯಂತ್ರವನ್ನು, ಅಂದರೆ ಆಗಿನ ಕಾಲದ ಆಟೋಪೈಲಟ್ಟನ್ನು, ತೋರಿಸಿದ. ಅವನು ಎರಡೂ ಕೈ ಎತ್ತಿ ಕೂತಿದ್ದಾಗ ಅವನ ಮೆಕಾನಿಕ್ ರೆಕ್ಕೆಯ ಮೇಲೆ ನಡೆದುಕೊಂಡು ಹೋದನಂತೆ. ಈ ಕಥೆ ಹೇಳಿದಾಗ ನಮ್ಮ ಮೆಕಾನಿಕ್ ನಕ್ಕು, ಆ ಮೆಕಾನಿಕ್‌ಗೆ ಸಂಬಳ ಎಷ್ಟಿತ್ತು ಅಂತ ಕೇಳಿದರು.

ಹಳೆಯ ಪಿಚ್ ಸರ್ವೋವನ್ನು ಹಳದಿ ಚೀಟಿ ಸಮೇತ ಮಾರಿದೆವು. ಎಸ್-ಟೆಕ್ ಇನ್ನೂ ಇಟ್ಟುಕೊಂಡಿರುವ ಒಬ್ಬ ಮಾಲೀಕರು ಚೌಕಾಸಿ ಮಾಡದೆ ತೆಗೆದುಕೊಂಡರು. ಓವರ್‌ಹಾಲ್‌ಗೆ ಹಾಕಿದ ದುಡ್ಡಿನ ಬಹುಪಾಲು ವಾಪಸ್ ಬಂತು, ಮೇಷ್ಟರಿಗೆ ಖುಷಿಯಾಯಿತು. ರೋಲ್ ಸರ್ವೋ ಯಾರಿಗೂ ಬೇಡವಾಗಿತ್ತು. ಮೆಕಾನಿಕ್ ಅದನ್ನು ಬಿಚ್ಚಿ, ಹೊಸದಾಗಿ ಕೆಲಸ ಕಲಿಯಲು ಬರುವ ಹುಡುಗರಿಗೆ ತೋರಿಸಲು ಬೆಂಚಿನ ಮೇಲೆ ಇಟ್ಟುಕೊಂಡಿದ್ದಾರೆ.